ಪಶುವೈದ್ಯ ಪದವಿಯ ಮೇಲಣ ವ್ಯಾಸಂಗವೂ ಗ್ರಾಮದ ಕೊಟ್ಟಿಗೆಯೂ

ಅನುಕೂಲಸ್ಥರಾದ ಜಮೀನುದಾರರ ಮಕ್ಕಳು ಪಶುವೈದ್ಯ ಪದವಿಯನ್ನು ಪಡೆದು ಊರಿಗೆ ಹಿಂದಿರುಗುವುದು ಇಂದಿನ ದಿನಗಳಲ್ಲಿ ಅಪರೂಪವಾದ ಸಂಗತಿಯೇನೂ ಅಲ್ಲ. ಒಂದು ವರ್ಷದ ಪ್ರಾಯೋಗಿಕ ತರಬೇತಿಯೂ ಸೇರಿ ಐದೂವರೆ ವರ್ಷಗಳ ಕಾಲ ಮಗನನ್ನೋ ಮಗಳನ್ನೋ ಓದಿಸಿದ ಯಜಮಾನರು, ಇನ್ನು ಇವರು ಆಸ್ಪತ್ರೆಯಲ್ಲಿ ನೌಕರಿಗೆ ಸೇರಿಯೋ ಸ್ವಂತವಾಗಿ ವೃತ್ತಿಯನ್ನು ನಡೆಸಿಯೋ ಸಂಸಾರಕ್ಕೆ ನೆರವಾಗುವರೆಂದು ಎದುರು ನೋಡುವುದು ಸಹಜ. ಆ ಸಮಯದಲ್ಲಿ ‘ಇನ್ನೂ ಎರಡು ವರ್ಷ ಓದಬೇಕು’ ಎಂಬ ಮಾತು ಬಂದರೆ, ‘ದನದ ಮೈಯನ್ನು ಅರಿಯುವುದಕ್ಕೆ ಇನ್ನೆಷ್ಟು ವರ್ಷ ಬೇಕು?’ ಎಂದು ಅವರು ಕೇಳುವುದೂ ಅಷ್ಟೇ ಸಹಜ. ಈ ಪ್ರಶ್ನೆಗೆ ನೇರವಾದ ಉತ್ತರವು ದೊರೆಯಬೇಕಾದುದು ನ್ಯಾಯವಾಗಿದೆ. ಆ ಎರಡು ವರ್ಷಗಳಲ್ಲಿ ನಡೆಯುವುದೇನು, ಅದರಿಂದ ಓದಿದವರಿಗಲ್ಲದೆ ಊರಿನ ಕೊಟ್ಟಿಗೆಗಳಿಗೂ ಆಗುವ ಪ್ರಯೋಜನವೇನು, ಯಾರು ಆ ವ್ಯಾಸಂಗಕ್ಕೆ ಹೋಗತಕ್ಕವರು, ಯಾರು ಹೋಗದಿರುವುದು ಲೇಸು ಎಂಬ ವಿಷಯಗಳನ್ನು ಮುಂದೆ ವಿವರಿಸಿದೆ.

ಪದವಿಗೂ ಮೇಲಣ ವ್ಯಾಸಂಗಕ್ಕೂ ಇರುವ ಭೇದ

ಮೊದಲನೆಯ ಪದವಿಯ ವ್ಯಾಸಂಗದಲ್ಲಿ ವಿದ್ಯಾರ್ಥಿಯು ಕಲಿಯುವುದು ಇದುವರೆಗೆ ತಿಳಿದುಬಂದಿರುವ ವಿಷಯಗಳನ್ನು. ರಾಸಿನ ಅಂಗಾಂಗಗಳ ರಚನೆ, ರೋಗಗಳ ಲಕ್ಷಣ, ಔಷಧಗಳ ಪ್ರಮಾಣ, ಶಸ್ತ್ರಕ್ರಿಯೆ ಮುಂತಾದುವುಗಳನ್ನು ಅರಿತು, ಕಾಯಿಲೆ ಬಿದ್ದ ರಾಸು ಎದುರಿಗೆ ಬಂದಾಗ ತಡವಿಲ್ಲದೆ ಚಿಕಿತ್ಸೆ ಮಾಡುವ ಯೋಗ್ಯತೆಯನ್ನು ಅವನು ಪಡೆಯುವನು. ಮೇಲಣ ವ್ಯಾಸಂಗವಾದರೋ ಬೇರೆ ಬಗೆಯದು. ಇದುವರೆಗೆ ಯಾರಿಗೂ ತಿಳಿಯದಿರುವ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡು, ಅದನ್ನು ಪ್ರಶ್ನೆಯ ರೂಪಕ್ಕೆ ತಂದು, ಆ ಪ್ರಶ್ನೆಯನ್ನು ರಾಸಿನ ಮುಂದೆಯೇ ಇಟ್ಟು, ಅದು ಕೊಡುವ ಉತ್ತರವನ್ನು ಪಕ್ಷಪಾತವಿಲ್ಲದೆ ಬರೆದುಕೊಳ್ಳುವುದನ್ನು ಇಲ್ಲಿ ಕಲಿಸುವರು.

ಈ ವ್ಯಾಸಂಗವು ಸಾಮಾನ್ಯವಾಗಿ ಎರಡು ವರ್ಷಗಳದು. ಪಶು ಆಹಾರಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ತಳಿಶಾಸ್ತ್ರ, ಜಾನುವಾರುಗಳ ಉತ್ಪಾದನೆ ಮತ್ತು ನಿರ್ವಹಣೆ ಎಂಬೀ ವಿಭಾಗಗಳಲ್ಲಿ ಒಂದನ್ನು ವಿದ್ಯಾರ್ಥಿಯು ಆರಿಸಿಕೊಳ್ಳಬೇಕು. ಮೊದಲು ಪಾಠಗಳೂ, ಅವುಗಳೊಡನೆ ಲೆಕ್ಕಗಳ ಸತ್ಯಾಸತ್ಯತೆಯನ್ನು ತೂಗಿ ನೋಡುವ ಸಂಖ್ಯಾಶಾಸ್ತ್ರವೂ ನಡೆಯುವುವು. ತರುವಾಯ ಮಾರ್ಗದರ್ಶಕರೊಬ್ಬರ ಕೈಕೆಳಗೆ ಪ್ರಯೋಗವನ್ನು ನಡೆಸಿ, ಅದರ ಫಲವನ್ನು ಪ್ರಬಂಧ ರೂಪದಲ್ಲಿ ಬರೆದು, ಹೊರಗಿನ ಪರೀಕ್ಷಕರ ಮುಂದೆ ಸಮರ್ಥಿಸಬೇಕು. ರಾಸುಗಳ ಮೇಲೆ ಪ್ರಯೋಗ ಮಾಡುವ ಮೊದಲು ಸಂಸ್ಥೆಯ ಸಮಿತಿಯ ಒಪ್ಪಿಗೆಯನ್ನು ಪಡೆಯಬೇಕು. ಮೂಕಪ್ರಾಣಿಗೆ ನಿಷ್ಕಾರಣವಾಗಿ ನೋವುಂಟಾಗಬಾರದೆಂಬುದೇ ಇದರ ಉದ್ದೇಶ. ಇದಕ್ಕೂ ಮೇಲಿನ ಡಾಕ್ಟರೇಟ್ ವ್ಯಾಸಂಗಕ್ಕೆ ಕಡಮೆಯೆಂದರೂ ಇನ್ನು ಮೂರು ವರ್ಷಗಳು ಹಿಡಿಯುವುವು.

ಹೋಲಿಕೆಯಿಲ್ಲದೆ ನಿರ್ಣಯವಿಲ್ಲ

ಇಷ್ಟೆಲ್ಲ ಏರ್ಪಾಡು ಏತಕ್ಕೆ, ಅನುಭವಸ್ಥರಾದ ರೈತರ ಮಾತು ಸಾಲದೆ ಎಂದು ಕೆಲವರು ಕೇಳಬಹುದು. ಒಂದು ಉದಾಹರಣೆಯನ್ನು ನೋಡಬಹುದು. ರೈತನೊಬ್ಬನು ಜೂನ್ ತಿಂಗಳಲ್ಲಿ ಪೇಟೆಯಿಂದ ಒಂದು ಬಗೆಯ ಪುಡಿಯನ್ನು ತಂದು ಹಸುವಿಗೆ ತಿನ್ನಿಸಿದನೆನ್ನೋಣ. ಮೂರು ವಾರಗಳಲ್ಲಿ ಹಾಲು ಅರ್ಧ ಲೀಟರಿನಷ್ಟು ಹೆಚ್ಚಿತು. ಪುಡಿಯಿಂದಲೇ ಹೆಚ್ಚಿತೆಂದು ಅವನು ನಂಬುವನು, ನೆರೆಹೊರೆಯವರಿಗೂ ಹೇಳುವನು. ಆದರೆ ಅದೇ ಮೂರು ವಾರಗಳಲ್ಲಿ ಮುಂಗಾರು ಮಳೆ ಬಿದ್ದು ಬದುಗಳ ಮೇಲೆ ಹಸುರು ಹುಲ್ಲು ಚಿಗುರಿತು. ಬಿಸಿಲಿನ ತಾಪ ತಗ್ಗಿತು. ಹಾಲು ಹೆಚ್ಚಿದುದು ಪುಡಿಯಿಂದಲೋ ಹುಲ್ಲಿನಿಂದಲೋ ತಂಪಿನಿಂದಲೋ ಎಂಬುದನ್ನು ಹೇಳುವವರು ಯಾರು?

ವಿಜ್ಞಾನಿಯು ಇಲ್ಲಿ ಮಾಡುವ ಕೆಲಸ ಬಹು ಸರಳವಾದುದು. ಒಂದೇ ವಯಸ್ಸಿನ, ಈದು ಒಂದೇ ಕಾಲವಾದ, ಸುಮಾರು ಒಂದೇ ಪ್ರಮಾಣದಲ್ಲಿ ಹಾಲು ಕೊಡುವ ಹಸುಗಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ಒಂದೇ ಮೇವು, ಒಂದೇ ಕೊಟ್ಟಿಗೆ, ಒಂದೇ ನೀರು ಕೊಟ್ಟು, ಒಂದು ಗುಂಪಿಗೆ ಮಾತ್ರ ಪುಡಿಯನ್ನು ತಿನ್ನಿಸುವನು. ಎರಡು ಗುಂಪುಗಳ ಹಾಲಿನ ಅಂತರವೇ ಪುಡಿಯ ಬೆಲೆ. ಮೇವಿನ ಪರೀಕ್ಷೆಯೂ ಹೀಗೆಯೇ. ತಿಂದ ಮೇವನ್ನೂ ಮಿಕ್ಕ ಮೇವನ್ನೂ ಹಾಕಿದ ಸಗಣಿಯನ್ನೂ ಸುಮಾರು ಒಂದು ವಾರದ ಕಾಲ ಹಗಲಿರುಳೂ ತೂಗಿ, ತೇವವನ್ನು ಕಳೆದು ಲೆಕ್ಕ ಹಾಕುವರು. ಎಂಟು ಕಿಲೋ ಒಣ ಪದಾರ್ಥವನ್ನು ತಿಂದ ಎತ್ತು ನಾಲ್ಕು ಕಿಲೋ ಒಣ ಪದಾರ್ಥವನ್ನು ಸಗಣಿಯಲ್ಲಿ ಹೊರಹಾಕಿದರೆ, ಆ ಮೇವಿನಲ್ಲಿ ಅರ್ಧ ಭಾಗ ಮಾತ್ರ ಮೈಗೆ ಹತ್ತಿತೆಂದು ತಿಳಿಯುವುದು. ಸಗಣಿಯನ್ನು ತೂಗುವ ಈ ಕೆಲಸಕ್ಕೆ ನಾಚುವವನು ಪಶುವಿಜ್ಞಾನದಲ್ಲಿ ಮುಂದೆ ಬರಲಾರನು.

ದೊಡ್ಡ ಹೊಟ್ಟೆಯೊಳಗಣ ವ್ಯವಸಾಯ

ಇಂತಹ ಪ್ರಯೋಗಗಳಿಂದ ತಿಳಿದುಬಂದ ಸಂಗತಿಗಳಲ್ಲಿ ಮೆಲುಕು ಹಾಕುವ ರಾಸುಗಳ ಜೀರ್ಣಕ್ರಿಯೆಯ ವಿಚಾರವು ಬಹು ಮುಖ್ಯವಾದುದು. ಹಸುವಿನ ಜಠರಕ್ಕೆ ನಾಲ್ಕು ಭಾಗಗಳುಂಟು. ಅವುಗಳಲ್ಲಿ ದೊಡ್ಡದಾದ ಮೊದಲನೆಯ ಭಾಗಕ್ಕೆ ರೂಮೆನ್ ಎಂದು ಹೆಸರು. ಇದನ್ನು ದೊಡ್ಡ ಹೊಟ್ಟೆಯೆಂದು ಕರೆಯಬಹುದು. ದೊಡ್ಡ ಹಸುವಿನಲ್ಲಿ ಇದು ನೂರು ಲೀಟರಿಗಿಂತಲೂ ಹೆಚ್ಚು ಹಿಡಿಯುವುದು. ಒಳಗಿನ ಬಿಸಿ ಸುಮಾರು ೩೯ ಡಿಗ್ರಿ ಸೆಂಟಿಗ್ರೇಡ್. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಮಿಗಿಲಾದ ಸೂಕ್ಷ್ಮಜೀವಿಗಳು ವಾಸಿಸುವುವು. ಹಸುವಿಗೆ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ತನ್ನಷ್ಟಕ್ಕೆ ಇಲ್ಲ. ಆ ಕೆಲಸವನ್ನು ಈ ಜೀವಿಗಳೇ ಮಾಡುವುವು. ೧೯೪೪ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಬಾರ್‌ಕ್ರಾಫ್ಟ್, ಮೆಕನಾಲಿ, ಫಿಲಿಪ್‌ಸನ್ ಎಂಬ ಮೂವರು ವಿದ್ವಾಂಸರು, ನಾರು ಹುಳಿತು ಉಂಟಾಗುವ ಆಮ್ಲಗಳು ದೊಡ್ಡ ಹೊಟ್ಟೆಯ ಗೋಡೆಯ ಮೂಲಕವೇ ರಕ್ತಕ್ಕೆ ಸೇರುವುವೆಂಬುದನ್ನು ಕುರಿಗಳಲ್ಲಿ ತೋರಿಸಿಕೊಟ್ಟರು. ರಾಸಿಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಮಿಕ್ಕ ಭಾಗವು ಈ ಆಮ್ಲಗಳಿಂದಲೇ ಬರುವುದೆಂದು ಈಗ ತಿಳಿದಿದೆ.

ಆದಕಾರಣ ಹಸುವಿಗೆ ಮೇವು ಹಾಕುವವನು ವಾಸ್ತವವಾಗಿ ಈ ಸೂಕ್ಷ್ಮಜೀವಿಗಳಿಗೆ ಮೇವು ಹಾಕುತ್ತಾನೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟರೆ ಕೊಟ್ಟಿಗೆಯ ಹಲವು ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುವುವು. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು ಬುಟ್ಟಿಗಟ್ಟಲೆ ಹಸುವಿನ ಮುಂದೆ ಸುರಿದರೆ ಅದು ಮರುದಿನವೇ ನೆಲ ಹಿಡಿಯುವುದನ್ನು ಗ್ರಾಮಗಳಲ್ಲಿ ಕಂಡವರುಂಟು. ದೃಷ್ಟಿಯಾಯಿತೆಂದು ಹೇಳುವವರೂ ಉಂಟು. ಅನ್ನದ ಪಿಷ್ಟವು ದೊಡ್ಡ ಹೊಟ್ಟೆಯಲ್ಲಿ ಅತಿ ವೇಗವಾಗಿ ಹುಳಿತು, ಹಾಲು ಹೆಪ್ಪಾದಾಗ ಉಂಟಾಗುವ ಆಮ್ಲವೇ ಮಿತಿಮೀರಿ ಉಂಟಾಗಿ, ನಾರನ್ನು ಕರಗಿಸುವ ಜೀವಿಗಳನ್ನು ನಾಶ ಮಾಡುವುದೇ ಇದಕ್ಕೆ ಕಾರಣ. ಇಂತಹ ಸಮಯದಲ್ಲಿ ನಾಟಿ ಉಪಾಯಗಳಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸತಕ್ಕದ್ದು. ಹೊಸ ಮೇವನ್ನು ಒಂದೇ ದಿನದಲ್ಲಿ ಬದಲಾಯಿಸದೆ, ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕೆಂಬ ನಿಯಮಕ್ಕೂ ಇದೇ ಆಧಾರ. ಒಳಗಿನ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.

ಭತ್ತದ ಹುಲ್ಲಿಗೆ ಯೂರಿಯಾ ಸಂಸ್ಕಾರ ಮಾಡುವ ಕ್ರಮವೂ ಈ ತಿಳಿವಳಿಕೆಯಿಂದಲೇ ಹುಟ್ಟಿದುದು. ನೂರು ಕಿಲೋ ಒಣ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಸುಮಾರು ಐವತ್ತು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿ ಹೋಗದಂತೆ ಮುಚ್ಚಿ ಮೂರು ವಾರ ಬಿಡುವರು. ಯೂರಿಯಾದಿಂದ ಹೊರಡುವ ಅಮೋನಿಯಾ ಹುಲ್ಲಿನ ಗಡುಸಾದ ಬಂಧವನ್ನು ಸಡಿಲಿಸುವುದು. ಸೂಕ್ಷ್ಮಜೀವಿಗಳಿಗೆ ಬೇಕಾದ ಸಾರಜನಕವನ್ನೂ ಒದಗಿಸುವುದು. ತೆರೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ತಿನ್ನಿಸಬೇಕು. ಆರು ತಿಂಗಳಿಗೆ ಕಡಮೆಯಾದ ಕರುಗಳಿಗೆ ಇದನ್ನು ಕೊಡಕೂಡದು. ಅವುಗಳ ದೊಡ್ಡ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ. ಯೂರಿಯಾವನ್ನು ಹಾಗೆಯೇ ನೆಕ್ಕಿದರೆ ಅಥವಾ ನೀರಿನಲ್ಲಿ ಕುಡಿದರೆ ರಾಸು ಸಾಯುವುದು. ಆದುದರಿಂದ ಚೀಲವನ್ನು ಕೊಟ್ಟಿಗೆಯಿಂದ ದೂರವಿಡಬೇಕು.

ಈ ಸಂಸ್ಕಾರವು ಎಲ್ಲಿ ಲಾಭಕರವಲ್ಲವೆಂಬುದನ್ನು ತಿಳಿಸಿದುದೂ ಸಂಶೋಧನೆಯೇ. ಒಣ ಹುಲ್ಲು ಹೇರಳವಾಗಿದ್ದು ಹಸುರು ಮೇವು ದೊರೆಯದ ಕಡೆ ಇದು ಫಲ ಕೊಡುವುದು. ಹಸುರು ಮೇವು ಯಥೇಚ್ಛವಾಗಿರುವಲ್ಲಿ ಮಾಡಿದ ಖರ್ಚು ಹಿಂದಿರುಗುವುದು ಕಷ್ಟ. ‘ಇದನ್ನು ಮಾಡಿರಿ’ ಎಂಬ ಸಲಹೆಗಿಂತ ‘ಇಲ್ಲಿ ಇದು ಬೇಡ’ ಎಂಬ ಸಲಹೆಯು ರೈತನ ಹಣವನ್ನು ಎಷ್ಟೋ ವೇಳೆ ಹೆಚ್ಚಾಗಿ ಉಳಿಸುವುದು.

ಸುಬಾಬುಲ್ ಸೊಪ್ಪಿನ ವೃತ್ತಾಂತವೂ ಗಮನಾರ್ಹವಾದುದು. ಈ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಆಸ್ಟ್ರೇಲಿಯಾದಲ್ಲಿ ಇದನ್ನು ಹೆಚ್ಚಾಗಿ ತಿಂದ ರಾಸುಗಳು ಕೆಡುತ್ತಿದ್ದುವು. ಹವಾಯಿ ದ್ವೀಪಗಳ ಮೇಕೆಗಳು ಮಾತ್ರ ಅದನ್ನೇ ತಿಂದು ಸುಖವಾಗಿದ್ದುವು. ಈ ಅಂತರವೇಕೆಂದು ಕೇಳಿದ ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಯು, ವಿಷವನ್ನು ಮುರಿಯುವ ಸೂಕ್ಷ್ಮಜೀವಿಯು ಹವಾಯಿಯ ಮೇಕೆಗಳ ಹೊಟ್ಟೆಯಲ್ಲಿರುವುದನ್ನು ಕಂಡುಕೊಂಡನು. ೧೯೮೩ರಲ್ಲಿ ಆ ಜೀವಿಗಳನ್ನು ಆಸ್ಟ್ರೇಲಿಯಾದ ರಾಸುಗಳಿಗೆ ಕೊಟ್ಟಾಗ ಅವೂ ಆ ಸೊಪ್ಪನ್ನು ತಾಳಿಕೊಂಡುವು. ಆ ಜೀವಿಗೆ ೧೯೯೨ರಲ್ಲಿ ಅವನ ಹೆಸರನ್ನೇ ಸೇರಿಸಿ ನಾಮಕರಣ ಮಾಡಲಾಯಿತು. ಎರಡು ಊರುಗಳ ರಾಸುಗಳಲ್ಲಿ ಕಂಡ ಭೇದವನ್ನು ಅಲಕ್ಷ್ಯ ಮಾಡದೆ ‘ಏಕೆ?’ ಎಂದು ಕೇಳಿದುದರ ಫಲವಿದು. ಇಲ್ಲಿನ ರೈತರು ಮಾತ್ರ ಸುಬಾಬುಲ್ ಸೊಪ್ಪನ್ನು ಹಸುರು ಮೇವಿನ ಮೂರನೆಯ ಒಂದು ಭಾಗಕ್ಕೆ ಮೀರದಂತೆ ಬೆರೆಸಿ ಕೊಡುವುದೇ ಕ್ಷೇಮ.

ಹಾಲು ಇಳಿಯುವ ಬಗೆ

ಹೊಡೆದು ಬೆದರಿಸಿದ ಹಸುವು ಹಾಲನ್ನು ಸರಿಯಾಗಿ ಇಳಿಸುವುದಿಲ್ಲವೆಂಬುದನ್ನು ಹಾಲು ಕರೆಯುವ ಹೆಂಗಸರು ಪುಸ್ತಕ ಓದದೆಯೇ ಬಲ್ಲರು. ಅದರ ಕಾರಣವು ಮಾತ್ರ ೧೯೪೧ರವರೆಗೆ ಸ್ಪಷ್ಟವಾಗಿರಲಿಲ್ಲ. ಆ ವರ್ಷ ಅಮೆರಿಕ ದೇಶದ ಈಲಿ ಮತ್ತು ಪೀಟರ್‌ಸನ್ ಎಂಬುವರು ಹಸುವಿನ ಕೆಚ್ಚಲಿನ ಒಂದು ಪಾರ್ಶ್ವದ ನರಗಳನ್ನು ಕತ್ತರಿಸಿ ನೋಡಿದರು. ಆದರೂ ಎರಡು ಪಾರ್ಶ್ವಗಳಲ್ಲಿಯೂ ಹಾಲು ಇಳಿಯಿತು. ಆದುದರಿಂದ ಹಾಲನ್ನಿಳಿಸುವ ಅಪ್ಪಣೆಯು ನರದ ಮೂಲಕವಲ್ಲ, ರಕ್ತದ ಮೂಲಕ ಕೆಚ್ಚಲಿಗೆ ಬರುವುದೆಂದು ತಿಳಿಯಿತು. ಬಳಿಕ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲಗಳನ್ನು ಒಡೆದು ಸದ್ದು ಮಾಡಿ ಅದನ್ನು ಹೆದರಿಸಿದರು, ಹಾಲು ನಿಂತಿತು. ಕೆಚ್ಚಲನ್ನು ತೊಳೆದಾಗ, ಕರುವು ಮೊಲೆಯುಣ್ಣಲು ಬಂದಾಗ ಮಿದುಳಿನ ಬುಡದಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕೆ ಸೇರಿ ಹಾಲನ್ನಿಳಿಸುವುದೆಂದೂ, ಹೆದರಿಕೆಯಾದಾಗ ಹುಟ್ಟುವ ಬೇರೊಂದು ರಸವು ಅದಕ್ಕೆ ಅಡ್ಡಬರುವುದೆಂದೂ ಇದರಿಂದ ಸಿದ್ಧವಾಯಿತು.

ಆಕ್ಸಿಟೋಸಿನ್‌ನ ಪ್ರಭಾವವು ಕೆಲವೇ ನಿಮಿಷಗಳ ಕಾಲ ಇರುವುದು. ಆದುದರಿಂದ ಕೆಚ್ಚಲು ತುಂಬಿದೊಡನೆ ಮಾತುಕತೆಯಲ್ಲಿ ತೊಡಗದೆ ಆರೇಳು ನಿಮಿಷಗಳೊಳಗಾಗಿ ಕರೆದು ಮುಗಿಸಬೇಕು. ಈ ತಿಳಿವಳಿಕೆಯನ್ನು ದುರುಪಯೋಗ ಮಾಡಿ, ದಿನವೂ ಚುಚ್ಚುಮದ್ದು ಹಾಕಿ ಹಾಲು ಹಿಂಡುವವರೂ ಉಂಟು. ರಾಸಿನ ಆರೋಗ್ಯಕ್ಕೆ ಹಾನಿ ತರುವ ಇಂತಹ ಚುಚ್ಚುಮದ್ದನ್ನು ಹಾಲಿಗಾಗಿ ಹಾಕುವುದು ೧೯೬೦ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಅಪರಾಧ. ಗ್ರಾಮದ ಮುಖಂಡರು ಇದನ್ನು ಕಂಡೂ ಕಾಣದಂತಿರಬಾರದು.

ಬೆದೆಯ ಲೆಕ್ಕ

ಕೃತಕ ಗರ್ಭಧಾರಣೆಯು ಭಾರತದಲ್ಲಿ ಮೊಟ್ಟಮೊದಲಿಗೆ ನಡೆದುದು ಮೈಸೂರಿನಲ್ಲಿ. ೧೯೩೯ರಲ್ಲಿ ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಎಂಬುವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಉಪಯೋಗಿಸಿ ಇದನ್ನು ಸಾಧಿಸಿದರು. ೧೯೪೨ರಿಂದ ಮುಂದಕ್ಕೆ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆ ಕ್ರಮವಾಗಿ ನಡೆಯಿತು. ಆದರೆ ವೀರ್ಯ ಎಷ್ಟು ಉತ್ತಮವಾಗಿದ್ದರೂ ಕಾಲವರಿತು ಹಾಕದಿದ್ದರೆ ನಿಷ್ಫಲ. ಹಸುವು ಸುಮಾರು ೨೧ ದಿನಗಳಿಗೊಮ್ಮೆ ಬೆದೆಗೆ ಬರುವುದು. ಬೆದೆಯು ಹೆಚ್ಚಾಗಿ ೧೨ರಿಂದ ೧೮ ಗಂಟೆಗಳ ಕಾಲ ಇರುವುದು. ಅಂಡವು ಬಿಡುಗಡೆಯಾಗುವುದು ಬೆದೆ ಮುಗಿದು ಸುಮಾರು ಹನ್ನೆರಡು ಗಂಟೆಗಳಾದ ಮೇಲೆ. ಅಮೆರಿಕ ದೇಶದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಮತ್ತು ಡೇವಿಸ್ ಎಂಬುವರು ೧೯೪೩ರಲ್ಲಿ ಪ್ರಕಟಿಸಿದ ಪ್ರಯೋಗಗಳ ಆಧಾರದಿಂದ, ಬೆಳಗ್ಗೆ ಬೆದೆ ಕಂಡರೆ ಸಂಜೆಯೂ, ಸಂಜೆ ಬೆದೆ ಕಂಡರೆ ಮರುದಿನ ಬೆಳಗ್ಗೆಯೂ ಗರ್ಭಧಾರಣೆ ಮಾಡಿಸಬೇಕೆಂಬ ನಿಯಮವು ಬಳಕೆಗೆ ಬಂದಿತು. ಇಂದು ಪ್ರತಿಯೊಂದು ಗ್ರಾಮದಲ್ಲಿಯೂ ಕೇಳಿಬರುವ ಈ ಮಾತಿನ ಹಿಂದೆ, ಹಗಲಿರುಳೂ ಹಸುಗಳನ್ನು ಕಾದು ಗಂಟೆಗಳನ್ನು ಬರೆದಿಟ್ಟವರ ಶ್ರಮವಿದೆ.

ಒಂದು ಬೆದೆ ತಪ್ಪಿದರೆ ಹಸುವಿನ ಆಯುಸ್ಸಿನಲ್ಲಿ ೨೧ ದಿನಗಳು ವ್ಯರ್ಥವಾಗುವುವು. ನೂರು ಹಸುಗಳಿರುವ ಗ್ರಾಮದಲ್ಲಿ ಪ್ರತಿಯೊಂದಕ್ಕೂ ಒಂದೇ ಒಂದು ಬೆದೆ ತಪ್ಪಿದರೂ ಒಟ್ಟು ೨,೧೦೦ ದಿನಗಳಾದುವು. ಹೆಚ್ಚುಕಡಮೆ ಆರು ಹಸುಗಳನ್ನು ವರ್ಷಪೂರ್ತಿ ಗಬ್ಬವಿಲ್ಲದೆ ಸಾಕಿದಂತಾಯಿತು. ಎಮ್ಮೆಗಳಲ್ಲಿ ನಷ್ಟವು ಇದಕ್ಕಿಂತ ಹೆಚ್ಚು. ಏಕೆಂದರೆ ಅವುಗಳ ಬೆದೆಯು, ವಿಶೇಷವಾಗಿ ಬೇಸಗೆಯಲ್ಲಿ, ಕೂಗಾಟವಿಲ್ಲದೆ ಮೌನವಾಗಿ ಕಳೆದುಹೋಗುವುದುಂಟು. ಈ ಮೌನ ಬೆದೆಯನ್ನು ಗುರುತಿಸುವ ಸುಲಭೋಪಾಯವನ್ನು ಕಂಡುಹಿಡಿಯುವುದು ಇಂದಿಗೂ ಮೇಲಣ ವ್ಯಾಸಂಗದ ವಿದ್ಯಾರ್ಥಿಗಳಿಗೆ ತಕ್ಕ ವಿಷಯವಾಗಿದೆ.

ವ್ಯಾಸಂಗಕ್ಕೆ ಇರುವ ಸ್ಥಳಗಳು

ಈ ವಿದ್ಯೆಗೆ ಕನ್ನಡನಾಡು ಹೊಸದಲ್ಲ. ೧೯೨೩ರಲ್ಲಿಯೇ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಪ್ರಾರಂಭವಾಯಿತು. ೧೯೨೭ರಲ್ಲಿ ಮಹಾತ್ಮ ಗಾಂಧಿಯವರು ಬೆಂಗಳೂರಿನಲ್ಲಿ ತಂಗಿದ್ದಾಗ, ಪಂಡಿತ ಮದನಮೋಹನ ಮಾಳವೀಯರೊಡನೆ ಅಲ್ಲಿಗೆ ಹೋಗಿ ಗೋಪಾಲನೆಯ ವಿಷಯವನ್ನು ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಆ ಸಂಸ್ಥೆಯೇ ೧೯೫೫ರಲ್ಲಿ ಕರ್ನಾಲಿಗೆ ವರ್ಗವಾಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ಅದರ ದಕ್ಷಿಣ ಕೇಂದ್ರವು ಬೆಂಗಳೂರಿನ ಆಡುಗೋಡಿಯಲ್ಲಿದೆ. ೧೯೯೫ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯೂ ಆಡುಗೋಡಿಯಲ್ಲಿಯೇ ಇದೆ. ರಾಸಿನ ದೊಡ್ಡ ಹೊಟ್ಟೆಯಿಂದ ತೇಗಿನೊಡನೆ ವ್ಯರ್ಥವಾಗಿ ಹೊರಹೋಗುವ ಮೀಥೇನ್ ಅನಿಲವನ್ನು ತಗ್ಗಿಸುವ ಕಾರ್ಯವು ಅಲ್ಲಿ ನಡೆದಿದೆ.

ಪಶುವೈದ್ಯ ಶಿಕ್ಷಣಕ್ಕಾಗಿ ೧೯೫೮ರಲ್ಲಿ ಹೆಬ್ಬಾಳದಲ್ಲಿ ಕಾಲೇಜು ಪ್ರಾರಂಭವಾಯಿತು. ೨೦೦೪ರ ಕಾಯಿದೆಯ ಮೇರೆಗೆ ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಹೆಬ್ಬಾಳದ ಕಾಲೇಜೂ ಅದರ ಆಡಳಿತಕ್ಕೆ ಸೇರಿತು. ಹೊರ ಪ್ರಾಂತಗಳ ಸಂಸ್ಥೆಗಳಿಗೆ ಸೇರಲಿಚ್ಛಿಸುವವರಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯುಂಟು. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ವಿದ್ಯಾರ್ಥಿವೇತನವೂ ದೊರೆಯುವುದು. ಪಶುವೈದ್ಯ ಪದವಿಯಿಲ್ಲದೆ ಕೇವಲ ಪಶುವಿಜ್ಞಾನವನ್ನು ಓದಿದವರಿಗೆ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲ. ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯು ಇದನ್ನು ನೋಂದಾಯಿತ ಪಶುವೈದ್ಯರಿಗೇ ಮೀಸಲಾಗಿಟ್ಟಿದೆ.

ಯಾರು ಹೋಗತಕ್ಕವರು

ಪದವಿ ಪಡೆದವರೆಲ್ಲರೂ ಮೇಲಣ ವ್ಯಾಸಂಗಕ್ಕೆ ಹೋಗಬೇಕಾದುದಿಲ್ಲ. ನಡುರಾತ್ರಿಯಲ್ಲಿ ಕರು ಅಡ್ಡಲಾದ ಹಸುವಿನ ಬಳಿಗೆ ಓಡಿಬರುವ ವೈದ್ಯನ ಅವಶ್ಯಕತೆಯು ಗ್ರಾಮಗಳಿಗೆ ಯಾವಾಗಲೂ ಇದೆ; ಆ ಸೇವೆಯು ಯಾವ ಪ್ರಬಂಧಕ್ಕೂ ಕಡಮೆಯಾದುದಲ್ಲ. ಹೆಸರಿನ ಮುಂದೆ ಇನ್ನೆರಡು ಅಕ್ಷರಗಳು ಸೇರಲೆಂಬ ಆಸೆಯಿಂದಲೋ, ನೌಕರಿ ಸಿಕ್ಕುವವರೆಗೆ ಕಾಲ ಕಳೆಯಲೆಂದೋ ಹೋಗುವವರಿಂದ ಮನೆಗೂ ನಾಡಿಗೂ ನಷ್ಟವೇ. ಒಂದೇ ಮೇವನ್ನು ತಿಂದ ಎರಡು ಹಸುಗಳಲ್ಲಿ ಒಂದು ಹೆಚ್ಚು ಹಾಲು ಕೊಟ್ಟರೆ ಅದರ ಕಾರಣವನ್ನು ತಿಳಿಯದೆ ಸುಮ್ಮನಿರಲಾರದವರೂ, ತಾನು ನಂಬಿದುದು ಲೆಕ್ಕದಲ್ಲಿ ಸುಳ್ಳಾದರೆ ಲೆಕ್ಕವನ್ನೇ ಒಪ್ಪಿಕೊಳ್ಳುವವರೂ ಇದಕ್ಕೆ ಯೋಗ್ಯರು. ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳೂ ಇದರಲ್ಲಿ ಸಮರ್ಥರು. ಅಂಥವರು ಮನೆಯಲ್ಲಿದ್ದರೆ ಎರಡು ವರ್ಷಗಳ ಖರ್ಚನ್ನು ಹೊರೆಯೆಂದು ಎಣಿಸಬಾರದು.

ಮುಖಂಡರು ಮಾಡಬಹುದಾದ ಕೆಲಸ

ಮಕ್ಕಳನ್ನು ಓದಿಸದವರೂ ಈ ವಿದ್ಯೆಗೆ ನೆರವಾಗಬಹುದು. ಮೊದಲನೆಯದಾಗಿ, ಪ್ರತಿಯೊಂದು ಕೊಟ್ಟಿಗೆಯಲ್ಲಿಯೂ ಒಂದು ಪುಸ್ತಕವನ್ನಿಟ್ಟು, ರಾಸು ಬೆದೆಗೆ ಬಂದ ದಿನ ಮತ್ತು ಹೊತ್ತು, ಗರ್ಭಧಾರಣೆ ಮಾಡಿಸಿದ ದಿನ, ಈದ ದಿನ, ವಾರಕ್ಕೊಮ್ಮೆ ಅಳೆದ ಹಾಲು ಇವುಗಳನ್ನು ಬರೆಯಿಸಬೇಕು. ಬರೆದಿಡದ ಅನುಭವವು ಯಜಮಾನನೊಡನೆಯೇ ಮುಗಿದುಹೋಗುವುದು. ಎರಡನೆಯದಾಗಿ, ಹೊಸ ಪುಡಿಯೋ ಹೊಸ ಮೇವೋ ಗ್ರಾಮಕ್ಕೆ ಬಂದಾಗ ಎಲ್ಲರೂ ಒಮ್ಮೆಗೇ ಕೊಳ್ಳದೆ, ನಾಲ್ಕು ಹಸುಗಳಿಗೆ ಕೊಟ್ಟು, ಅವುಗಳಿಗೆ ಸರಿಸಮಾನವಾದ ಬೇರೆ ನಾಲ್ಕಕ್ಕೆ ಕೊಡದೆ, ಒಂದು ತಿಂಗಳು ಹಾಲನ್ನು ಅಳೆದು ನೋಡಬೇಕು. ಇಷ್ಟು ಸಣ್ಣ ಪರೀಕ್ಷೆಯಿಂದ ಕಡೆಯ ನಿರ್ಣಯವಾಗದಿದ್ದರೂ, ಮಾರುವವನ ಮಾತಿಗೆ ಮರುಳಾಗುವುದು ತಪ್ಪುವುದು. ಮೂರನೆಯದಾಗಿ, ಸಂಶೋಧನೆಗಾಗಿ ವಿದ್ಯಾರ್ಥಿಗಳು ಗ್ರಾಮಕ್ಕೆ ಬಂದಾಗ ಇದ್ದುದನ್ನು ಇದ್ದಂತೆ ಹೇಳಬೇಕು. ಹಾಲಿನ ಲೆಕ್ಕವನ್ನು ಮಾನಕ್ಕಾಗಿ ಹೆಚ್ಚಿಸಿಯೋ ಸಹಾಯಧನಕ್ಕಾಗಿ ತಗ್ಗಿಸಿಯೋ ಹೇಳಿದರೆ ಆ ಸುಳ್ಳೇ ನಾಳೆ ಸಲಹೆಯ ರೂಪದಲ್ಲಿ ಗ್ರಾಮಕ್ಕೆ ಹಿಂದಿರುಗಿ ಬರುವುದು.

ನಾಲ್ಕನೆಯದೂ ಮುಖ್ಯವಾದುದೂ ಆದ ಕಾರ್ಯವೆಂದರೆ, ಗ್ರಾಮದ ಪ್ರಶ್ನೆಗಳನ್ನು ಪಶುವೈದ್ಯರ ಮೂಲಕ ಕಾಲೇಜುಗಳಿಗೆ ಮುಟ್ಟಿಸುವುದು. ಪ್ರತಿ ವರ್ಷವೂ ಹೊಸ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯವನ್ನು ಹುಡುಕುತ್ತಿರುವರು. ಈ ಭಾಗದ ಎಮ್ಮೆಗಳು ಬೇಸಗೆಯಲ್ಲಿ ಗಬ್ಬ ಕಟ್ಟದಿರುವುದೇಕೆ, ಈ ಹೋಬಳಿಯ ಕರುಗಳು ಮೂರು ತಿಂಗಳೊಳಗೆ ಸೊರಗುವುದೇಕೆ ಎಂದು ಬರೆದು ಕಳುಹಿಸಿದ ಊರಿನ ಪ್ರಶ್ನೆಯು ಅವರಲ್ಲಿ ಒಬ್ಬರ ಕೈಗಾದರೂ ಸಿಕ್ಕಬಹುದು. ಕೇಳದೆ ಉಳಿದ ಊರಿಗೂ ಸಂಶೋಧನೆಯ ಫಲವು ಎಂದಾದರೊಂದು ದಿನ ಬಂದೇ ಬರುವುದು. ಆದರೆ ಅದು ಬೇರೆ ಯಾರದೋ ಕೊಟ್ಟಿಗೆಯ ಅಳತೆಗೆ ಹೊಲಿದ ಅಂಗಿಯಾಗಿರುವುದು.